ಹೊಯಿಗೆಯೋ ಹಂಚೋ: ಬಂದರಿನ ಆಕ್ಸೊಲಾಟ್ಲ್ ತೊಟ್ಟಿಯ ತಳ

ಮಂಗಳೂರಿನ ಬಂದರಿಗೆ ತಾಗಿಕೊಂಡೇ ಹೊಯಿಗೆ ಬಜಾರ್ ಇದೆ. ಹೆಸರಿನಲ್ಲೇ ಮರಳಿರುವ ಜಾಗದಲ್ಲಿ ಆಕ್ಸೊಲಾಟ್ಲ್ ಸಾಕುವವರು ತೊಟ್ಟಿಯ ತಳಕ್ಕೆ ಏನು ಹಾಸಲಿ ಎಂದು ಕೇಳಿದರೆ ಉತ್ತರ ಕೈಗೆಟಕುವಷ್ಟು ಹತ್ತಿರ ಎನಿಸಬಹುದು. ನನ್ನ ಲೆಕ್ಕದಲ್ಲಿ ಇಲ್ಲಿ ಹೊಯಿಗೆಗೆ ಎರಡನೇ ಸ್ಥಾನ.

ಮೊದಲು ಪ್ರಾಣಿಯ ಬಾಯಿಯನ್ನು ನೋಡಬೇಕು. ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊ ಕಾಲುವೆಗಳ ಮೆತ್ತನೆ ಹೂಳು ಇದರ ತವರು. ಹೊರಚಾಚಿದ ಕಿವಿರನ್ನು ಕಳಚದೆ, ಮರಿಯ ರೂಪದಲ್ಲೇ ಪ್ರಾಯಕ್ಕೆ ಬರುವ ಸಲಮಾಂಡರ್ ಇದು. ದೃಷ್ಟಿ ಮಂದ. ವಾಸನೆ ಮತ್ತು ನೀರಿನ ಅಲುಗಾಟದಿಂದ ಬೇಟೆಯ ಜಾಡು ಹಿಡಿದು, ಬಾಯಿಯನ್ನು ಥಟ್ಟನೆ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಎರೆಹುಳದ ಜತೆ ಪಕ್ಕದಲ್ಲಿದ್ದದ್ದೂ ಹೊಟ್ಟೆಗೆ ಹೋಗುತ್ತದೆ. ಹಲ್ಲಿರುವುದು ಹಿಡಿಯಲಿಕ್ಕೆ, ಅಗಿಯಲಿಕ್ಕಲ್ಲ. ಹಾಗಾಗಿ ಕಡಲೆಕಾಳಿನಿಂದ ಹುಣಸೆಬೀಜದವರೆಗಿನ ಗಾತ್ರದ ಕಲ್ಲೇ ಎಲ್ಲಕ್ಕಿಂತ ಅಪಾಯ: ಒಳಗೆ ಹೋಗುವಷ್ಟು ಸಣ್ಣದು, ಕರುಳಲ್ಲಿ ಸಿಕ್ಕಿಕೊಳ್ಳುವಷ್ಟು ದೊಡ್ಡದು. ಅಕ್ವೇರಿಯಂ ಅಂಗಡಿಯ ಬಣ್ಣದ ಹರಳು ಬಹುಪಾಲು ಇದೇ ಗಾತ್ರದ್ದು.

ಹೊಯಿಗೆಯ ವಿಷಯಕ್ಕೆ ಬರೋಣ. ಒಂದು ಮಿಲಿಮೀಟರಿಗಿಂತ ಸಣ್ಣ ಕಣವಾದರೆ ಬೆಳೆದ ಆಕ್ಸೊಲಾಟ್ಲ್ ನುಂಗಿದರೂ ಸಾಮಾನ್ಯವಾಗಿ ಮಲದಲ್ಲಿ ಹೊರಹೋಗುತ್ತದೆ. ಕಾಲಿಗೂ ಹಿಡಿತ ಸಿಗುತ್ತದೆ. ಆದರೆ ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಈ ಅಳಿವೆಯ ಹೊಯಿಗೆಯಲ್ಲಿ ಉಪ್ಪಿದೆ, ಮರುವಾಯಿ ಚಿಪ್ಪಿನ ಚೂರೂ ಇದೆ. ಚಿಪ್ಪು ನೀರನ್ನು ಗಡಸಾಗಿಸುತ್ತದೆ ಎಂಬುದು ಇಲ್ಲಿ ದೊಡ್ಡ ದೋಷವಲ್ಲ, ಸ್ವಲ್ಪ ಗಡಸು ನೀರೇ ಈ ಪ್ರಾಣಿಗೆ ಒಗ್ಗುವುದು. ಭಯ ಅದರ ಹರಿತ ಅಂಚಿನದು. ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದು ಬಳಸಬಹುದು.

ತೊಳೆದರೂ ಹೋಗದ ತೊಂದರೆಯೊಂದಿದೆ. ಆಕ್ಸೊಲಾಟ್ಲ್‌ಗೆ ಬೇಕಾದದ್ದು 16ರಿಂದ 18 ಡಿಗ್ರಿ ಸೆಲ್ಸಿಯಸ್. 24 ದಾಟಿದರೆ ನರಳುತ್ತದೆ. ಬಂದರಿನ ಚಳಿಗಾಲದ ರಾತ್ರಿಯೂ ಅಷ್ಟು ತಂಪಲ್ಲ. ಚಿಲ್ಲರ್ ಇಟ್ಟವರ ಮನೆಯಲ್ಲೂ ಕರೆಂಟು ಹೋದಾಗ ನೀರು ಬಿಸಿಯೇರುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಕೊಳೆಯುವಿಕೆ ಜೋರು. ಹೊಯಿಗೆಯೊಳಗೆ ಹೂತ ತಿಂಡಿಯ ಚೂರು ಬೇಗ ಅಮೋನಿಯಾ ಬಿಡುತ್ತದೆ. ಹಾಸು ದಪ್ಪವಾದರೆ ಅಡಿಯಲ್ಲಿ ಕಪ್ಪಗಾಗಿ ಕೊಳೆತ ಮೊಟ್ಟೆಯ ನಾತ ಬರುತ್ತದೆ. ತಂಪು ಊರಿನವರು ಕೊಡುವ ಸಲಹೆಯನ್ನು ಇಲ್ಲಿಗೆ ಹಾಗೇ ಇಳಿಸಿಕೊಳ್ಳಲಾಗದು ಎನ್ನುವುದು ಇದಕ್ಕೇ.

ಉಳಿದದ್ದು ಹಂಚು. ಮಾಡಿನ ಹಂಚು ಬೇಡ, ಅದರ ಏಣು ಮತ್ತು ಸಂದುಗಳಲ್ಲಿ ಕೊಳೆ ಕೂರುತ್ತದೆ. ನೆಲಕ್ಕೆ ಹಾಸುವ, ಬಣ್ಣ ಹೊಳಪು ಬಳಿಯದ ಸುಟ್ಟಮಣ್ಣಿನ ಚಪ್ಪಟೆ ಹಂಚು ಸಾಕು. ಹಳೆಯದಾದರೆ ಸಿಮೆಂಟು, ಸುಣ್ಣ ಅಂಟಿರಬಾರದು. ಅವು ನೀರಿನ ಕ್ಷಾರವನ್ನು ಏರಿಸುತ್ತವೆ. ಅಂಚನ್ನು ಉಜ್ಜಿ ನುಣುಪಾಗಿಸಿ, ಕೆಲವು ದಿನ ನೀರು ಬದಲಿಸುತ್ತಾ ನೆನೆಸಿ, ಸಂದುಗಳನ್ನು ಅಕ್ವೇರಿಯಂ ಸಿಲಿಕೋನಿನಿಂದ ಮುಚ್ಚಿದರೆ ಅಡಿಗೆ ಕಸ ನುಸುಳುವುದಿಲ್ಲ. ತಿಂದುಳಿದದ್ದು ಕಣ್ಣಿಗೆ ಬೀಳುತ್ತದೆ, ಪೈಪಿನಿಂದ ಎಳೆದು ತೆಗೆಯಬಹುದು.

ಕಾನೂನಿನ ಮಾತೊಂದು. ಈ ಪ್ರಾಣಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥವನ್ನು ಸಾಕುವವರು ನೋಂದಣಿ ಮಾಡಿಸಬೇಕು.

ಹನ್ನೆರಡು ಹದಿಮೂರು ಸೆಂಟಿಮೀಟರ್ ಬೆಳೆಯದ ಮರಿಗಳಿಗಾದರೆ ಹೊಯಿಗೆಯೂ ಬೇಡ, ಹಂಚೂ ಬೇಡ. ಬರಿಯ ಗಾಜಿನ ತಳವೇ ಸರಿ.