ಬೆಂಗಳೂರಿನ ಬೀದಿಶುದ್ಧಿ: ಗುತ್ತಿಗೆಯೂ ನೇರಾಡಳಿತವೂ

ಬೀದಿಯೆಂಬುದು ಎಲ್ಲರ ಸ್ವತ್ತು. ಆದುದರಿಂದಲೇ ಅದರ ಶುದ್ಧಿಯು ಯಾರ ಹೊಣೆಯೆಂಬ ಪ್ರಶ್ನೆಯು ನಗರಗಳಷ್ಟೇ ಪುರಾತನವಾದುದು. ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವಾಗ, ಬೀದಿಯಲ್ಲಿ ಕಸಮಣ್ಣನ್ನು ಸುರಿದವನಿಗೆ ಪಣದ ಎಂಟರಲ್ಲೊಂದು ಭಾಗವನ್ನೂ, ಕೆಸರುನೀರನ್ನು ಕಟ್ಟಿ ನಿಲ್ಲಿಸಿದವನಿಗೆ ಕಾಲು ಪಣವನ್ನೂ ದಂಡವಾಗಿ ವಿಧಿಸಿ, ರಾಜಮಾರ್ಗದಲ್ಲಾದರೆ ಅದನ್ನು ಇಮ್ಮಡಿ ಮಾಡಿರುವನು. ಆದರೆ ಕೊಳೆ ಮಾಡಿದವನ ದಂಡವನ್ನು ಗೊತ್ತುಮಾಡಿದಷ್ಟು ಸುಲಭವಾಗಿ ಗುಡಿಸುವವನಿಗೆ ಸಲ್ಲತಕ್ಕುದನ್ನು ಗೊತ್ತುಮಾಡಲು ಲೋಕಕ್ಕೆ ಸಾಧ್ಯವಾಗಲಿಲ್ಲ. ಬೆಂಗಳೂರಿನ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

1862ರಲ್ಲಿ ಪೇಟೆಗೂ ದಂಡುಪ್ರದೇಶಕ್ಕೂ ಬೇರೆ ಬೇರೆ ಪುರಸಭೆಗಳು ಏರ್ಪಟ್ಟುವು. 1898ರ ಪ್ಲೇಗು ಮಾರಿಯು ಊರನ್ನು ತಲ್ಲಣಗೊಳಿಸಿದಾಗ ಬೀದಿಯ ಕೊಳೆಗೂ ಮನೆಯೊಳಗಿನ ಸಾವಿಗೂ ಇರುವ ನಂಟು ಎಲ್ಲರಿಗೂ ಮನದಟ್ಟಾಯಿತು. ಗಾಳಿ ಬೆಳಕುಗಳುಳ್ಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದುದು ಆ ಭಯದ ಫಲವೇ. 1949ರಲ್ಲಿ ಎರಡು ಪುರಸಭೆಗಳೂ ಕೂಡಿ ಕಾರ್ಪೊರೇಷನ್ ಆಯಿತು. ಗುಡಿಸುವವರು ಅದರ ಸ್ವಂತ ನೌಕರರಾಗಿದ್ದರು. ಅವರಲ್ಲಿ ಬಹುಮಂದಿ ಅಸ್ಪೃಶ್ಯರೆನಿಸಿಕೊಂಡ ಜಾತಿಗಳವರು. ಊರಿನ ಕೊಳೆಯನ್ನು ತೊಳೆದವರನ್ನು ಊರು ದೂರವೇ ಇಟ್ಟಿತ್ತು.

1970ರ ದಶಕದ ಆದಿಯಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಅನಿಷ್ಟ ಪದ್ಧತಿಯನ್ನು ನಿಷೇಧಿಸಿದರು. ಅದೇ ಕಾಲದಲ್ಲಿ ನೇಮಕವಾದ ಐ.ಪಿ.ಡಿ. ಸಾಲಪ್ಪನವರ ಸಮಿತಿಯು 1976ರಲ್ಲಿ ವರದಿಯನ್ನೊಪ್ಪಿಸಿತು. 500 ಜನಸಂಖ್ಯೆಗೆ ಒಬ್ಬ ಕಾರ್ಮಿಕನಿರಬೇಕೆಂಬ ಲೆಕ್ಕವು ಆ ವರದಿಯಿಂದಲೇ ಬಂದುದು. ಮುಂದೆ ಸರ್ಕಾರವು ಅದನ್ನು 700ಕ್ಕೆ ಒಬ್ಬನೆಂದು ಬದಲಿಸಿತು.

ಊರು ಬೆಳೆಯಿತು, ಸ್ವಂತ ನೌಕರರ ಸಂಖ್ಯೆ ಮಾತ್ರ ಬೆಳೆಯಲಿಲ್ಲ. 1990ರ ದಶಕದಿಂದೀಚೆಗೆ ಬೀದಿ ಗುಡಿಸುವ ಕೆಲಸವು ಹೆಚ್ಚು ಹೆಚ್ಚಾಗಿ ಗುತ್ತಿಗೆದಾರರ ಪಾಲಾಯಿತು. ವೆಚ್ಚವು ಇಳಿಯುವುದು, ಮೇಲ್ವಿಚಾರಣೆಯ ತೊಡಕು ತಪ್ಪುವುದು ಎಂಬುದು ಇದರ ಪರವಾದ ವಾದ. ಆದರೆ ಕಾರ್ಪೊರೇಷನ್ನು ಕೊಟ್ಟ ಹಣವು ಪೊರಕೆ ಹಿಡಿದ ಕೈಯನ್ನು ಮುಟ್ಟುವ ಮೊದಲು ಮತ್ತೊಂದು ಕೈಯನ್ನು ಹಾದುಹೋಗಬೇಕಾಯಿತು. ಕೂಲಿ ತಡವಾಗುವುದು, ಭವಿಷ್ಯನಿಧಿಗೆಂದು ಹಿಡಿದ ಹಣವು ಖಾತೆಗೆ ಸೇರದಿರುವುದು, ಹಾಜರಿಪಟ್ಟಿಯಲ್ಲಿ ಇಲ್ಲದವರ ಹೆಸರಿರುವುದು ಇವೇ ಮೊದಲಾದ ದೂರುಗಳು ವರ್ಷವರ್ಷವೂ ಕೇಳಿಬಂದುವು. ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು. ಬಾಯಿ ತೆರೆದರೆ ನಾಳೆಯ ಹಾಜರಿಯೇ ಇಲ್ಲವಾದೀತೆಂಬ ಅಂಜಿಕೆ ಅವರದು.

ಮೀಮಾಂಸಕರು ಕರ್ಮಗಳನ್ನು ವಿಭಾಗಿಸುವಾಗ ನಿತ್ಯವೆಂದೂ ನೈಮಿತ್ತಿಕವೆಂದೂ ಭೇದವನ್ನು ಹೇಳುವರು. ನಿಮಿತ್ತವೊದಗಿದಾಗ ಮಾತ್ರ ಮಾಡತಕ್ಕುದು ನೈಮಿತ್ತಿಕ. ದಿನದಿನವೂ ತಪ್ಪದೆ ಮಾಡತಕ್ಕುದು ನಿತ್ಯ. ಸೇತುವೆ ಕಟ್ಟುವುದಕ್ಕೆ ಗುತ್ತಿಗೆಯು ಒಪ್ಪಬಹುದು. ಕಟ್ಟಿದೊಡನೆ ಆ ಕೆಲಸವು ಮುಗಿಯಿತು. ಬೀದಿ ಗುಡಿಸುವುದಾದರೋ ನಗರದ ನಿತ್ಯಕರ್ಮ. ಆಶ್ಚರ್ಯವೇನೆಂದರೆ, 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯೂ ಇದೇ ಭೇದವನ್ನು ಗುರುತಿಸಿದ್ದಿತು. ಯಾವುದಾದರೊಂದು ಕೆಲಸದಲ್ಲಿ ಗುತ್ತಿಗೆಯನ್ನು ನಿಷೇಧಿಸಬೇಕೇ ಎಂಬುದನ್ನು ಸರ್ಕಾರವು ನಿರ್ಣಯಿಸುವಾಗ, ಅದು ಸದಾಕಾಲವೂ ನಡೆಯುವ ಸ್ವರೂಪದ್ದೇ ಎಂದು ಪರ್ಯಾಲೋಚಿಸಬೇಕೆಂದು ಅದರಲ್ಲಿ ವಿಧಿಸಿದ್ದಿತು.

ಕೊನೆಗೆ ಕಾರ್ಮಿಕರ ಬಹುಕಾಲದ ಹೋರಾಟವು ಫಲಿಸಿತು. 2017ರಲ್ಲಿ ಗುತ್ತಿಗೆಯನ್ನು ತೆಗೆದುಹಾಕುವ ನಿರ್ಧಾರವಾಗಿ, 2018ರ ಆದಿಯಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೇ ನೇರವಾಗಿ ವೇತನವನ್ನು ಕೊಡುವ ಏರ್ಪಾಡಾಯಿತು. ಮೊದಲ ತಿಂಗಳುಗಳಲ್ಲಿ ಈ ಏರ್ಪಾಡು ಮುಗ್ಗರಿಸಿತು. ಪಟ್ಟಿಗಳ ತನಿಖೆಯ ನಡುವೆ ಅನೇಕರಿಗೆ ಸಂಬಳವೇ ಸಿಗಲಿಲ್ಲ, ಕೆಲವರು ಕೆಲಸವನ್ನೂ ಕಳೆದುಕೊಂಡರು. ಮಧ್ಯವರ್ತಿಯು ಹೋದನೆಂಬ ಮಾತ್ರಕ್ಕೆ ನ್ಯಾಯವು ತಾನಾಗಿ ಬಂದು ಕೂಡುವುದಿಲ್ಲವೆಂಬುದು ಆಗ ಸ್ಪಷ್ಟವಾಯಿತು. ನೇರವೇತನ ಬಂದರೂ ನೌಕರಿಯು ಖಾಯಂ ಆಗಿರಲಿಲ್ಲ. 2022ರ ಜುಲೈ ತಿಂಗಳ ಮೊದಲ ದಿನಗಳಲ್ಲಿ ಸಾವಿರಾರು ಮಂದಿ ಪೊರಕೆಯನ್ನು ಕೆಳಗಿಟ್ಟು ಮುಷ್ಕರ ಹೂಡಿದರು. ನಾಲ್ಕೇ ದಿನಗಳಲ್ಲಿ ಸರ್ಕಾರದಿಂದ ಭರವಸೆ ದೊರೆಯಿತು. ಅದೇ ಸೆಪ್ಟೆಂಬರಿನಲ್ಲಿ 11,133 ಮಂದಿಯ ಖಾಯಮಾತಿಗೆ ಮಂತ್ರಿಮಂಡಲವು ಒಪ್ಪಿತು. 2025ರ ಮೇ 1ರಂದು, ಕಾರ್ಮಿಕರ ದಿನದಲ್ಲಿಯೇ, ಬೆಂಗಳೂರಿನಲ್ಲಿ 12,692 ಪೌರಕಾರ್ಮಿಕರಿಗೆ ಖಾಯಂ ನೌಕರಿಯ ಆದೇಶಪತ್ರಗಳು ದೊರೆತುವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪಾಲಿಕೆಯು ಐದು ನಗರಪಾಲಿಕೆಗಳಾಗಿ ಒಡೆದುದರಿಂದ, ಈ ಹೊಣೆಯೂ ಹೊಸ ಯಜಮಾನರ ಮೇಲೆ ಬಿದ್ದಿತು.

ಈ ಚರಿತ್ರೆಯಿಂದ ತಿಳಿಯತಕ್ಕುದು ಇಷ್ಟು. ನಗರವು ತನ್ನ ಕೆಲಸವನ್ನು ಗುತ್ತಿಗೆಗೆ ಕೊಡಬಲ್ಲುದು. ತನ್ನ ಹೊಣೆಯನ್ನು ಕೊಡಲಾರದು. ಸಂಬಳದ ದಿನ ತಪ್ಪದಿರುವುದು, ಕೈಗವಸು ದೊರೆಯುವುದು, ಬಾಯಾರಿದಾಗ ನೀರು ಸಿಗುವುದು ಇವುಗಳಿಂದಲೇ ನೇರಾಡಳಿತದ ಸಫಲತೆಯನ್ನು ಅಳೆಯಬೇಕು. ಇದರಲ್ಲಿ ಗೃಹಸ್ಥರಿಗೂ ಒಂದು ಪಾಲುಂಟು. ಹಸಿ ಕಸವನ್ನೂ ಒಣ ಕಸವನ್ನೂ ಬೇರೆಬೇರೆಯಾಗಿ ಕಟ್ಟಿಟ್ಟು, ಬಾಗಿಲಿಗೆ ಬಂದವಳನ್ನು ಹೆಸರು ಹಿಡಿದು ಮಾತನಾಡಿಸುವ ಮನೆಯು ಯಾವ ಕಾಯಿದೆಯೂ ವಿಧಿಸಲಾರದ ಮರ್ಯಾದೆಯನ್ನು ಆಕೆಗೆ ಸಲ್ಲಿಸಿದಂತಾಗುವುದು.