ಮೊಲದ ಮರಿಯ ಹಿಂದೊಂದು ಪ್ರೇಮಕಥೆ



ಮೊನ್ನೆ ಭಾನುವಾರ ಬೊರಿವಲಿಯ ಮನೆಯಲ್ಲಿ ಅತ್ತೆಯ ಜೊತೆ ಕೂತು 'ಮಿಸ್ ಪಾಟರ್' ನೋಡಿದೆ. 2006ರ ಇಂಗ್ಲಿಷ್ ಚಿತ್ರ. ಮಕ್ಕಳ ಕತೆಗಾರ್ತಿ ಬಿಯಾಟ್ರಿಕ್ಸ್ ಪಾಟರ್ ಆಗಿ ರೆನೀ ಜೆಲ್ವೆಗರ್, ಆಕೆಯ ಪ್ರಕಾಶಕ ನಾರ್ಮನ್ ವಾರ್ನ್ ಆಗಿ ಇವಾನ್ ಮೆಕ್‌ಗ್ರೆಗರ್ ನಟಿಸಿದ್ದಾರೆ. ಇಂಗ್ಲಿಷ್ ಅಷ್ಟಾಗಿ ಬಾರದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ಇದೆಲ್ಲ ನಿಜವಾಗಿ ನಡೆದದ್ದಾ?"

ಹೌದು, ನಡೆದದ್ದೇ. 1893ರಲ್ಲಿ ಕಾಯಿಲೆ ಮಲಗಿದ್ದ ಒಬ್ಬ ಹುಡುಗನಿಗೆ ಬಿಯಾಟ್ರಿಕ್ಸ್ ಚಿತ್ರ ಬಿಡಿಸಿ ಕಾಗದ ಬರೆದಳು. ಅದರಲ್ಲಿದ್ದ ಮೊಲದ ಮರಿಯೇ ಪೀಟರ್. ಪ್ರಕಾಶಕರು ಒಪ್ಪದಾಗ 1901ರಲ್ಲಿ ಸ್ವಂತ ಖರ್ಚಿನಿಂದ 250 ಪ್ರತಿ ಅಚ್ಚು ಹಾಕಿಸಿದಳು. ಮರುವರ್ಷ ವಾರ್ನ್ ಸಂಸ್ಥೆ ಅದನ್ನು ಪ್ರಕಟಿಸಿತು. ಆ ಮನೆಯ ಮಗ ನಾರ್ಮನ್‌ನೊಡನೆ ಪುಸ್ತಕದ ಅಳತೆ, ಬಣ್ಣ, ಬೆಲೆ ಅಂತ ಮಾತು ಬೆಳೆಯಿತು. ಮನಸ್ಸುಗಳೂ ಹತ್ತಿರವಾದವು.

ಚಿತ್ರದ ಮೋಡಿ ಇರುವುದು ಇಲ್ಲೇ. ಇಲ್ಲಿ ಮರ ಸುತ್ತುವ ಹಾಡುಗಳಿಲ್ಲ. ಇಬ್ಬರೇ ಕೂತು ಮಾತಾಡುವ ಸ್ವಾತಂತ್ರ್ಯವೂ ಅವರಿಗಿಲ್ಲ. ಕೆಲಸದ ಮಾತಿನ ನಡುವೆಯೇ ಪ್ರೀತಿ ಕಣ್ಣು ಬಿಡುತ್ತದೆ.

1905ರ ಜುಲೈಯಲ್ಲಿ ನಾರ್ಮನ್ ಪತ್ರ ಬರೆದು ಮದುವೆಯ ಮಾತೆತ್ತಿದ. ಆಕೆಗೆ ಆಗ ಹೆಚ್ಚುಕಡಿಮೆ 39. ಅಪ್ಪ-ಅಮ್ಮ ಬೇಡವೆಂದರು. ಹುಡುಗ ವ್ಯಾಪಾರಸ್ಥರ ಮನೆಯವನಂತೆ! ಪಾಟರ್ ಮನೆತನದ ಸಿರಿಯೂ ಬಂದದ್ದು ಅಜ್ಜನ ಬಟ್ಟೆ ಅಚ್ಚಿನ ವ್ಯಾಪಾರದಿಂದಲೇ. ಆದರೂ ಬಿಯಾಟ್ರಿಕ್ಸ್ ಉಂಗುರ ತೊಟ್ಟಳು. ಒಂದೇ ತಿಂಗಳು. ಆಗಸ್ಟ್ 25ರಂದು ನಾರ್ಮನ್ ತೀರಿಕೊಂಡ. ಕೊನೆಗಳಿಗೆಯಲ್ಲಿ ಆಕೆ ಅವನ ಬಳಿ ಇರಲಿಲ್ಲ.

ಅದೇ ವರ್ಷ ಆಕೆ ಪುಸ್ತಕದ ಹಣವನ್ನೂ ಹಾಕಿ ಸರೋವರಗಳ ನಾಡಿನಲ್ಲಿ 'ಹಿಲ್ ಟಾಪ್' ಎಂಬ ಹೊಲಮನೆ ಕೊಂಡಳು. 1913ರಲ್ಲಿ, 47ನೇ ವಯಸ್ಸಿನಲ್ಲಿ, ಅಲ್ಲಿನ ವಕೀಲ ವಿಲಿಯಂ ಹೀಲಿಸ್‌ನನ್ನು ಮದುವೆಯಾದಳು. 1943ರಲ್ಲಿ ಕಣ್ಣು ಮುಚ್ಚಿದಾಗ 4,000 ಎಕರೆಗೂ ಹೆಚ್ಚು ನೆಲವನ್ನು ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋದಳು. ಕಟ್ಟಡಗಳ ನಡುವೆ ನ್ಯಾಷನಲ್ ಪಾರ್ಕಿನ ಹಸಿರನ್ನು ನೋಡುತ್ತಾ ಬದುಕುವ ನಾವು ಬೊರಿವಲಿಯವರು ಅದರ ಬೆಲೆ ಬಲ್ಲೆವು, ಅಲ್ಲವೇ?

"ನಮ್ಮಲ್ಲಿ ಯಾರೂ ಇಲ್ಲವಾ ಹೀಗೆ?" ಅಂದರು ಪುತ್ತೂರು ಕಡೆಯ ಅತ್ತೆ. ಇದ್ದಾರಲ್ಲ, ಅವರೂರಲ್ಲೇ! ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕುಣಿಸಿ ನಲಿಸಿದ, ಅವರಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ' ಬರೆದ ಕೋಟ ಶಿವರಾಮ ಕಾರಂತರು. 1936ರಲ್ಲಿ ಅವರು ಲೀಲಾ ಆಳ್ವರನ್ನು ವರಿಸಿದರು. ಅವರು ಕೋಟದ ಬ್ರಾಹ್ಮಣರು, ಇವರು ಬಂಟರ ಮನೆಯ ಹೆಣ್ಣು. ಆ ಕಾಲದ ಸಂಪ್ರದಾಯಸ್ಥರು ಆಡಿಕೊಂಡರು. ಇಬ್ಬರೂ ಅಳುಕಲಿಲ್ಲ. ಸಂಸಾರ ಹೂಡಿದರು, ಮಕ್ಕಳನ್ನು ಬೆಳೆಸಿದರು. ಕಾರಂತರಿಗೂ ಮಕ್ಕಳ ಪುಸ್ತಕದಿಂದ ಕಾಡಿನವರೆಗೆ ಒಂದೇ ದಾರಿ. ಕೈಗಾ ಅಣುಸ್ಥಾವರವನ್ನು ವಿರೋಧಿಸಿದರು. ಪರಿಸರದ ಹೆಸರಿನಲ್ಲಿ 1989ರ ಲೋಕಸಭಾ ಚುನಾವಣೆಗೂ ನಿಂತರು.

ಈ ಜೋಡಿಯ ಕತೆಯೂ ತೆರೆಗೆ ಒಪ್ಪುವಂಥದ್ದೇ. ಇದರಲ್ಲಿ ಹೇಳಿದ್ದನ್ನು ಬಾಳಿ ತೋರಿಸಿದ ಸೊಗಸಿದೆ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರು ಮದುವೆಯಾಗಿಲ್ಲ. ಯಾಕೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ. "ಲೀಲಾ ಆಳ್ವರಿಗೆ ಧೈರ್ಯ ಇತ್ತು ಮಾರಾಯ," ಅಂದು ಎದ್ದು ಕಾಫಿ ಮಾಡಲು ಹೋದರು.

ನಿಮ್ಮ ಮನೆಯಲ್ಲೂ ಕೇಳದೆ ಉಳಿದ ಇಂಥ ಕತೆ ಇರಬಹುದು. ಇವತ್ತೇ ಕೇಳಿ ನೋಡಿ. ಹೇಳಿಕೊಳ್ಳಬಹುದೆನಿಸಿದರೆ ನಮಗೂ ಒಂದು ಪತ್ರ ಬರೆಯಿರಿ.