ನಮ್ಮೂರ ನೀರಿನ ಕಥೆ, ಭಾಗ 4: ಕಪಿಲೆ, ಬೋರಿಂಗ್, ಮೋಟರ್

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕ್ ಮಾಡೋರು ಪೂರ್ಣಯ್ಯ ನಾಲೆ ಹೆಸರು ಕೇಳಿರ್ತೀರ. ದಿವಾನ್ ಪೂರ್ಣಯ್ಯನವರು ಕಾವೇರಿ ನೀರನ್ನ ಬರೀ ಕಾಲುವೆಯಲ್ಲೇ ಮೈಸೂರಿಗೆ ಹರಿಸೋಕೆ ಹೊರಟಿದ್ದರು. ಆಗಲಿಲ್ಲ. ಕೊನೆಗೆ 1896ರಲ್ಲಿ ಬೆಳಗೊಳದಲ್ಲಿ ವಾಣಿವಿಲಾಸ ನೀರು ಸರಬರಾಜು ಕೇಂದ್ರ ಶುರುವಾಯ್ತು. ತಗ್ಗಿನ ನದಿಯಿಂದ ಎತ್ತರದ ಊರಿಗೆ ಪಂಪ್ ಮಾಡಿದರು.

ನೀರೆತ್ತೋದ್ರಲ್ಲಿ ಎರಡು ಥರ ಇದೆ. ಹಳೇದು ಕಪಿಲೆ. ಎತ್ತು ಇಳಿಜಾರಲ್ಲಿ ನಡೆದರೆ ಚರ್ಮದ ಚೀಲ ಮೇಲೆ ಬರುತ್ತೆ. ಬಾವಿ ಎಷ್ಟೇ ಆಳ ಇರಲಿ, ಒಂದ್ಸಲಕ್ಕೆ ಒಂದು ಚೀಲ. 1970ರ ದಶಕದ ಇಂಡಿಯಾ ಮಾರ್ಕ್ 2 ಕೈಪಂಪು, ಅದೇ ನಮ್ಮಜ್ಜಿ ಹೇಳೋ 'ಬೋರಿಂಗ್', ಅದರದ್ದೂ ಇದೇ ಲೆಕ್ಕ. ಆಳ ಹೆಚ್ಚಾದ್ರೆ ರಟ್ಟೆ ನೋಯುತ್ತೆ, ಒಂದು ಒತ್ತಿಗೆ ಬರೋ ನೀರು ಹೆಚ್ಚೂಕಮ್ಮಿ ಅಷ್ಟೇ. ಇದು ಪಾಸಿಟಿವ್ ಡಿಸ್‌ಪ್ಲೇಸ್‌ಮೆಂಟ್ (ಬಿಕಾಂನೋಳಿಗೆ ಇದೆಲ್ಲ ಯಾಕೆ ಅಂತ ಕೇಳ್ಬೇಡಿ).

ಸಂಪಿನ ಮೋಟರ್ ಸೆಂಟ್ರಿಫ್ಯೂಗಲ್. ಒಳಗಿನ ಚಕ್ರ ಗರಗರ ತಿರುಗಿ ನೀರನ್ನ ಹೊರಕ್ಕೆ ಎಸೆಯುತ್ತೆ. ಧಾರೆ ಎಡೆಬಿಡದೆ ಬರುತ್ತೆ, ಆದ್ರೆ ಟ್ಯಾಂಕ್ ಎತ್ತರ ಆದಷ್ಟೂ ಸಣ್ಣ ಆಗುತ್ತೆ. ಒಳಗೆ ಗಾಳಿ ಸೇರಿದ್ರೆ ಬರೀ ಸದ್ದು. ಆ ವೇಗ ಎತ್ತಿನ ಕೈಲಾಗಲ್ಲ, ಕರೆಂಟ್ ಬೇಕು. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟ್ ಹೋಗಿದ್ದು ಕೆಜಿಎಫ್ ಗಣಿಗೆ. ಹೊಲಗಳಿಗೆ ಬರೋಕೆ ದಶಕಗಳೇ ಹಿಡೀತು. ಬಂದ ಮೇಲೆ ಕಪಿಲೆ ಮೂಲೆ ಸೇರಿತು.

ಹೋದ ಬೇಸಿಗೆ ನಮ್ಮನೇಲಿ ಒಂದಿಡೀ ದಿನ ಕರೆಂಟಿಲ್ಲ. ಸಂಪು ತುಂಬ ನೀರು, ಮೇಲಿನ ಟ್ಯಾಂಕ್ ಖಾಲಿ. ಅಜ್ಜಿ ನಕ್ಕು, "ಹಗ್ಗ ತಗೊಂಬಾ ಮಗಾ" ಅಂದ್ರು. ಒಂದ್ಸಲಕ್ಕೆ ಒಂದು ಬಿಂದಿಗೆ.

ನಿಮ್ಮೂರಲ್ಲಿ ಬೋರಿಂಗ್ ಇನ್ನೂ ನೀರು ಕೊಡ್ತಿದ್ರೆ ಫೋಟೋ ಕಳಿಸಿ, ಭಾಗ 5ಕ್ಕೆ ಹಾಕ್ತೀನಿ.